ಕ್ರಿಸ್‌ಮಸ್ ಉಡುಗೊರೆಗೆ ಮಾವಳ್ಳಿಯಿಂದ ಗಾಂಧಿ ಬಜಾರಿಗೆ

ಡಿಸೆಂಬರ್ ಮೂರನೇ ವಾರದ ಚಳಿಯಲ್ಲೂ ಮಾವಳ್ಳಿಯ ಎಂಟಿಆರ್ ಮುಂದೆ ಬೆಳಿಗ್ಗೆಯೇ ಜನ ನಿಂತಿರುತ್ತಾರೆ. ಕ್ರಿಸ್‌ಮಸ್ ಖರೀದಿ ಎಂದರೆ ಬೆಂಗಳೂರಿಗರು ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್ ಕಡೆ ಮುಖ ಮಾಡುವುದು ವಾಡಿಕೆ. ಆದರೆ ಉಡುಗೊರೆ ಪಡೆಯುವವರು ತಿಂಡಿ, ಕಾಫಿ ಎಂದರೆ ಪ್ರಾಣ ಬಿಡುವವರಾದರೆ ಅಷ್ಟು ದೂರ ಹೋಗಬೇಕಿಲ್ಲ. ಲಾಲ್‌ಬಾಗಿನ ಈ ಬದಿಯಿಂದ ಹೊರಟು ವಿಶ್ವೇಶ್ವರಪುರ ಹಾದು ಗಾಂಧಿ ಬಜಾರ್ ಮುಟ್ಟುವಷ್ಟರಲ್ಲಿ ಐದಾರು ಮನೆಗೆ ಬೇಕಾದದ್ದು ಒಂದೇ ಬಟ್ಟೆ ಚೀಲದಲ್ಲಿ ತುಂಬುತ್ತದೆ. ನಾನು ಹಾಗೆ ನಡೆದ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಹೊರಡುವುದು ಎಂಟಿಆರ್‌ನಿಂದ

ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ಮತ್ತು ಸಹೋದರರು 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂದು ಶುರುಮಾಡಿದ ಹೋಟೆಲ್ ಇದು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮ ಅಡುಗೆಮನೆಯಲ್ಲೇ ಎಂದು ಇವರು ಹೇಳುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ದರ ಇಳಿಸಿದಾಗ, ರುಚಿ ಕೆಡಿಸಿ ಮಾರುವ ಬದಲು ಬಾಗಿಲು ಹಾಕಿ, ಪುಡಿಗಳನ್ನೂ ದಿಢೀರ್ ತಿಂಡಿಯ ಮಿಶ್ರಣಗಳನ್ನೂ ಮಾಡಿ ಮಾರಿದರು. ಆ ಪೊಟ್ಟಣಗಳ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಮುಂದೆ ಮತ್ತೆ ಬಾಗಿಲು ತೆರೆದ ಹೋಟೆಲ್ ಮಾತ್ರ ಮಯ್ಯರ ಮನೆತನದಲ್ಲೇ ಉಳಿದಿದೆ.

ರವೆ ಇಡ್ಲಿ, ಆಲೂಗಡ್ಡೆ ಸಾಗು, ಮೇಲೆ ತುಪ್ಪ, ಕೊನೆಗೆ ಕಾಫಿ. ಹೊಟ್ಟೆ ತುಂಬಿಸಿಕೊಂಡೇ ಅಂಗಡಿಗೆ ಹೋಗಬೇಕು, ಹಸಿದು ಹೋದರೆ ಬೇಕಿಲ್ಲದ್ದೆಲ್ಲ ಚೀಲ ಸೇರುತ್ತದೆ. ಸೋಮವಾರ ಇಲ್ಲಿ ರಜೆ ಎಂಬುದು ನೆನಪಿರಲಿ. ಪರದೇಶದಿಂದ ರಜೆಗೆ ಬಂದು ಹೊರಟು ನಿಂತ ಮಕ್ಕಳಿಗೆ ರವೆ ಇಡ್ಲಿ ಮಿಶ್ರಣದ ಪೊಟ್ಟಣ ಇಂದಿಗೂ ಒಳ್ಳೆಯ ಉಡುಗೊರೆ. ಅಲ್ಲಿನ ಚಳಿಯಲ್ಲಿ ಹಿಟ್ಟು ಹುದುಗು ಬರುವುದನ್ನು ಕಾಯುವ ಕಷ್ಟ ತಪ್ಪುತ್ತದೆ.

ಲಾಲ್‌ಬಾಗ್ ದಾಟಿ ತಿಂಡಿ ಬೀದಿಗೆ

ಟಿಕೆಟ್ ಕೊಂಡು ಲಾಲ್‌ಬಾಗಿನೊಳಗಿಂದಲೇ ಪಶ್ಚಿಮ ದ್ವಾರಕ್ಕೆ ನಡೆದರೆ ಬಿಸಿಲೂ ಇಲ್ಲ, ವಾಹನಗಳ ಕಾಟವೂ ಇಲ್ಲ. ದಾರಿಯಲ್ಲಿ ಸಿಗುವ ಗಾಜಿನ ಮನೆಯಲ್ಲೇ 1969ರ ಜುಲೈನಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಅಧಿವೇಶನ ನಡೆದದ್ದು. ಅದೇ ವರ್ಷ ಪಕ್ಷ ಎರಡಾಯಿತು. ಎರಡು ಹೋಳು ಮಾಡಿ ಹುರಿದ ಕಡಲೆಕಾಯಿ ಬೀಜಕ್ಕೆ ಕಾಂಗ್ರೆಸ್ ಕಡಲೆಕಾಯಿ ಎಂಬ ಹೆಸರು ಬಂದದ್ದು ಆಗಲೇ ಎಂಬುದು ಊರ ಮಾತು.

ಆ ಕಡಲೆಕಾಯಿ ಕೊಳ್ಳಲು ಸಜ್ಜನ್ ರಾವ್ ವೃತ್ತದ ಬಳಿಯ ತಿಂಡಿ ಬೀದಿಗೆ, ವಿ.ಬಿ. ಬೇಕರಿಗೆ ಹೋಗಬೇಕು. ಕರಿಬೇವು, ಅರಿಸಿನ, ಮೆಣಸು, ಇಂಗಿನ ಘಮ ಹತ್ತಿದ ಬೀಜ ಕಾಲು ಕೆ.ಜಿ. ತೆಗೆದುಕೊಂಡು ಮುಚ್ಚಳ ಬಿಗಿಯಾದ ಗಾಜಿನ ಡಬ್ಬಿಗೆ ಹಾಕಿಕೊಟ್ಟರೆ ಸಾಕು. ಜೊತೆಗೆ ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು. ಪ್ಲಮ್ ಕೇಕಿಗೆ ಈ ಭಾಗದ ಅಯ್ಯಂಗಾರ್ ಬೇಕರಿಗಳು ಇವೆ. ಅಲ್ಲಿನದು ಮೊಟ್ಟೆ ಹಾಕದ ಕೇಕು. ಮೊಟ್ಟೆ ತಿನ್ನದವರ ಮನೆಗೂ ಹಬ್ಬದ ಕೇಕು ಹೋಗಲಿ ಎನ್ನುವವರಿಗೆ ಇದೇ ಸರಿ.

ಡಿಸೆಂಬರ್ ಎಂದರೆ ಅವರೆಕಾಯಿ ಕಾಲ. ಮಂಜು ಬಿದ್ದ ಮೇಲೆ ಬರುವ ಕಾಯಿಯ ಸೊಗಡು ಬೇರೆ ಯಾವ ತಿಂಗಳಲ್ಲೂ ಸಿಗದು. ಪ್ರತಿವರ್ಷ ಅವರೆಬೇಳೆ ಮೇಳ ನಡೆಸುವ ವಾಸವಿ ಕಾಂಡಿಮೆಂಟ್ಸ್ ಇರುವುದೂ ಈ ಬೀದಿಯ ಆಸುಪಾಸಿನಲ್ಲೇ. ಅಡುಗೆ ಬಲ್ಲ ಗೆಳತಿಗೆ ಅರ್ಧ ಕೆ.ಜಿ. ಹಿದುಕಿದ ಬೇಳೆಗಿಂತ ಸಂತೋಷದ ಉಡುಗೊರೆ ಇಲ್ಲ, ಹಿದುಕುವ ಶ್ರಮ ನಮ್ಮದಾಗುತ್ತದೆ. ಆದರೆ ಅದನ್ನು ಅಂದೇ ತಲುಪಿಸಬೇಕು. ಅಷ್ಟು ಓಡಾಟ ಆಗದಿದ್ದರೆ ಕರಿದ ಅವರೆಬೇಳೆ ಮಿಕ್ಸ್‌ಚರ್ ಕೊಡಿ, ವಾರ ಕಳೆದರೂ ಕೆಡದು.

ಗಾಂಧಿ ಬಜಾರಿನಲ್ಲಿ ಕಾಫಿ ಪುಡಿ, ಪುಡಿ ಪೊಟ್ಟಣ

ಗಾಂಧಿ ಬಜಾರಿನ ಕಾಫಿ ಪುಡಿ ಅಂಗಡಿಗಳು ಪರಿಮಳದಿಂದಲೇ ಕರೆಯುತ್ತವೆ. ಒಳಗೆ ಕೇಳುವ ಮೊದಲ ಪ್ರಶ್ನೆ: 'ಪ್ಯೂರಾ, ಚಿಕೋರಿ ಹಾಕ್ಬೇಕಾ?' ಉಡುಗೊರೆ ಕೊಡುವವರು ಇದಕ್ಕೆ ಉತ್ತರ ಮೊದಲೇ ತಿಳಿದಿರಬೇಕು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಬೇಕು. ಮನೆಗಳಲ್ಲಿ ಹೆಚ್ಚು ನಡೆಯುವುದು 80 ಭಾಗ ಕಾಫಿ, 20 ಭಾಗ ಚಿಕೋರಿ. ಚಿಕೋರಿ ಇದ್ದರೆ ಡಿಕಾಕ್ಷನ್ ಗಟ್ಟಿ, ಬಣ್ಣ ಕಡು. ಚಿಕೋರಿ ಒಲ್ಲದವರಿಗೆ ಬಾಬಾಬುಡನ್‌ಗಿರಿ ಅಥವಾ ಚಿಕ್ಕಮಗಳೂರಿನ ಅರೇಬಿಕಾ ಬೀಜ ಕೇಳಿ; ಎರಡಕ್ಕೂ ಕೊಡಗಿನ ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಪುಡಿ ಮಾಡಿಸಿದ ದಿನದಿಂದಲೇ ಕಾಫಿಯ ಘಮ ಇಳಿಯತೊಡಗುತ್ತದೆ. ಹಾಗಾಗಿ 200 ಗ್ರಾಂ ಮೀರಬೇಡಿ, ಪೊಟ್ಟಣದ ಮೇಲೆ ಪುಡಿ ಮಾಡಿಸಿದ ತಾರೀಖು ಬರೆಯಿರಿ. ಹೊಸದಾಗಿ ಸಂಸಾರ ಹೂಡಿದವರಾದರೆ ಪಕ್ಕದ ಪಾತ್ರೆ ಅಂಗಡಿಯಿಂದ ಇಬ್ಬರಿಗೆ ಸಾಕಾಗುವ ಸ್ಟೀಲ್ ಫಿಲ್ಟರ್ ಮತ್ತು ಲೋಟ ಡಬರಾ ಸೇರಿಸಿ. ಕಾಫಿ ಮುಟ್ಟದವರಿಗೆ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಶುಂಠಿಯ ಕಷಾಯದ ಪುಡಿ ಈ ಚಳಿಗೆ ಹಿತ.

ಸುಬ್ಬಮ್ಮ ಅಂಗಡಿ ಎಂದೇ ಹೆಸರಾದ ಮಳಿಗೆ ಇರುವುದೂ ಇಲ್ಲೇ. ಹಪ್ಪಳ ಮಾರಿ ಬದುಕು ಕಟ್ಟಿಕೊಂಡ ಹೆಣ್ಣುಮಗಳೊಬ್ಬಳ ದುಡಿಮೆಯಿಂದ ಬೆಳೆದ ಅಂಗಡಿ. ಹುರಿಗಾಳು, ಕೋಡುಬಳೆ, ನಿಪ್ಪಟ್ಟು, ಸಂಡಿಗೆ ಎಲ್ಲ ಇವೆ. ಒಬ್ಬರೇ ಅಡುಗೆ ಮಾಡಿಕೊಳ್ಳುವ ಹುಡುಗರಿಗೆ ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ನೂರು ನೂರು ಗ್ರಾಂ ಕಟ್ಟಿಸಿಕೊಟ್ಟರೆ ಹದಿನೈದು ದಿನದ ಊಟದ ಚಿಂತೆ ಕಳೆಯುತ್ತದೆ.

ತಟ್ಟೆಗೆ ತಟ್ಟೆ

ಇದು ಕ್ರೈಸ್ತರಿಲ್ಲದ ಭಾಗವೇನಲ್ಲ. ಚಾಮರಾಜಪೇಟೆಯಲ್ಲಿ ಸೇಂಟ್ ಲ್ಯೂಕ್ಸ್ ಚರ್ಚ್ ಇದೆ. ಕಾರ್ಪೊರೇಷನ್ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚಿನಲ್ಲಿ ಕ್ರಿಸ್‌ಮಸ್ ಆರಾಧನೆ ನಡೆಯುವುದು ಕನ್ನಡದಲ್ಲೇ. ಮಂಗಳೂರು ಮೂಲದ ಕ್ಯಾಥೊಲಿಕರ ಮನೆಯಿಂದ ಬರುವ ಕುಸ್ವಾರ್ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ ಇರುತ್ತವೆ. ಎಲ್ಲವೂ ಮನೆಯಲ್ಲಿ ವಾರಗಟ್ಟಲೆ ಕೂತು ಮಾಡಿದ್ದು. ದೀಪಾವಳಿಗೆ ನಮ್ಮ ಮನೆಯಿಂದ ಹೋದ ತಟ್ಟೆಗೆ ಅದು ಉತ್ತರ. ಅಂಥ ಮನೆಗೆ ಪೇಟೆಯ ದುಬಾರಿ ಚಾಕೊಲೇಟ್ ಪೆಟ್ಟಿಗೆ ಒಯ್ಯುವುದಕ್ಕಿಂತ ನಮ್ಮ ಬಡಾವಣೆಯ ರುಚಿ ಒಯ್ಯುವುದು ಮರ್ಯಾದೆ. ತಾವೇ ಕೊಕ್ಕಿಸಾಂ ಮಾಡಲು ಆಸೆಪಡುವವರಿಗೆ, ಉದ್ದ ಹಿಡಿಯ ಹೂವಿನ ಅಚ್ಚು ಪಾತ್ರೆ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಹೊಸ ಅಚ್ಚನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿಟ್ಟರೆ ಹಿಟ್ಟು ಅಂಟದೆ ಬಿಡುತ್ತದೆ ಎಂಬ ಚೀಟಿಯನ್ನೂ ಜೊತೆಗಿಡಿ.

ಇಷ್ಟು ನಡೆದ ಮೇಲೆ ನನಗೆ ಗಟ್ಟಿಯಾದ ಮಾತು ಒಂದೇ: ತಿನ್ನುವ ಉಡುಗೊರೆ ಚಿಕ್ಕದಾಗಿರಬೇಕು, ಹೊಸದಾಗಿರಬೇಕು. ಕೆ.ಜಿ.ಗಟ್ಟಲೆ ಕೊಟ್ಟದ್ದು ಬೀರುವಿನಲ್ಲಿ ಮುಗ್ಗುತ್ತದೆ, ಕಾಲು ಕೆ.ಜಿ. ಕೊಟ್ಟದ್ದು ನಾಲ್ಕು ದಿನದಲ್ಲಿ ಖಾಲಿಯಾಗಿ ಮತ್ತೆ ಬೇಕೆನಿಸುತ್ತದೆ. ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಡಿಸೆಂಬರ್ 22ಕ್ಕೆ ಮುಂಚೆ ಕೊಳ್ಳಬೇಡಿ. ಕಡಲೆಕಾಯಿ, ಗೋಡಂಬಿ ಆಗದವರು ಆ ಮನೆಯಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಮಾಡಿದ ತಾರೀಖನ್ನು ಬರೆದು ಕೊಡಿ. ಹೊಸ ವರ್ಷಕ್ಕೆ ಮುಂಚೆ ತಿಂದು ಮುಗಿಸಿ ಎಂದು ಹೇಳಿಯೇ ಕೊಡಿ.