ಮರೆಯದ ಸೈಕಲ್, ಮರೆಯಬೇಕಾದ ಎಡಬದಿ

ನಾಗಪುರದಿಂದ ಜಬಲ್ಪುರದ ಕಡೆಗೆ ಹೊರಟು, ಕಾಮಠಿ ದಾಟಿ, ನದಿಯ ಸೇತುವೆ ಇಳಿದರೆ ಕನ್ಹಾನ್. ನದಿಯ ಹೆಸರೇ ಊರಿಗೂ. ಸುತ್ತ ಕಲ್ಲಿದ್ದಲು ಗಣಿಗಳು. ರಾಮಟೇಕಿನ ರೈಲು ಹಳಿ ಕವಲೊಡೆಯುವುದು ಇಲ್ಲೇ. ಗಣಿ ಕೆಲಸದಿಂದ ನಿವೃತ್ತರಾಗಿ ಅಲ್ಲಿಯೇ ನೆಲೆಸಿರುವ, ಧಾರವಾಡ ಸೀಮೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮೇ ತಿಂಗಳಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ನಗರದಲ್ಲಿರುವ ಮಗಳ ಮನೆಗೆ ಹೊರಟಿದ್ದಾರೆ. ಅಲ್ಲಿರುವಷ್ಟು ದಿನ ಸೈಕಲ್ ಮೇಲೆಯೇ ಊರೂರು ನೋಡುವ ಆಸೆ. ಐವತ್ತು ವರ್ಷದಿಂದ ತುಳಿದವರಿಗೆ ಸೈಕಲ್ ಹೊಸದಲ್ಲ, ಊರಷ್ಟೇ ಹೊಸದು. ಕಾಲಿಗೆ ಏನು ತಯಾರಿ ಬೇಕು, ಇಲ್ಲಿಂದ ಏನೇನು ಕೊಂಡೊಯ್ಯಬೇಕು ಎಂದು ಕೇಳಿದ್ದಾರೆ.

ಕಾಲಿಗೆ ತಯಾರಿ ಬೇಕಾಗುವುದು ಬೇರೆ ಥರದ ಸವಾರಿಗೆ. ನಾಗಪುರದ ವೈದ್ಯ ಡಾ. ಅಮಿತ್ ಸಮರ್ಥ್ ಮತ್ತು ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ 2017ರಲ್ಲಿ ಒಂದು ಸ್ಪರ್ಧೆಯಲ್ಲಿ ಅಮೆರಿಕವನ್ನು ಒಂದು ಕಡಲಿಂದ ಇನ್ನೊಂದು ಕಡಲಿಗೆ, ಹನ್ನೆರಡು ದಿನದೊಳಗೆ ಸೈಕಲ್ಲಿನಲ್ಲಿ ದಾಟಿದರು. ಒಂಟಿಯಾಗಿ ಆ ಸ್ಪರ್ಧೆ ಮುಗಿಸಿದ ಮೊದಲ ಭಾರತೀಯರು ಅವರು. ಡೆಲ್ಫ್ಟಿನಿಂದ ಹೇಗ್ ನಗರಕ್ಕೆ ಬರೀ ಹತ್ತು ಕಿಲೋಮೀಟರು, ದಾರಿ ಅಂಗೈಯಷ್ಟು ಸಪಾಟು. ದಿನಾ ಬೆಳಿಗ್ಗೆ ಕನ್ಹಾನ್ ಸೇತುವೆ ದಾಟಿ ಬರುವ ಕಾಲಿಗೆ ಅದು ಏನೂ ಅಲ್ಲ. ದುಬಾರಿ ಬಟ್ಟೆ, ಗಡಿಯಾರ, ಪುಡಿ ಪಾನೀಯಗಳ ಜಾಹೀರಾತು ನೋಡಿ ಖರ್ಚು ಮಾಡಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ತಯಾರಿ ಬೇಕಾಗಿರುವುದು ಮೈಯೊಳಗಿನ ನೆನಪಿಗೆ. ಅದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೈಕಲ್ ಬೀಳದೆ ನಿಲ್ಲುವುದು ಹೇಗೆ? ಚಿಕ್ಕಂದಿನಲ್ಲಿ ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡದವರು ಕಡಿಮೆ. ಕೋಲು ಎಡಕ್ಕೆ ವಾಲಿದರೆ ಅಂಗೈಯನ್ನು ಎಡಕ್ಕೆ ಸರಿಸುತ್ತೇವೆ, ಬಲಕ್ಕೆ ವಾಲಿದರೆ ಬಲಕ್ಕೆ. ಕೋಲನ್ನು ಯಾರೂ ಹಿಡಿದು ನೆಟ್ಟಗೆ ಮಾಡುವುದಿಲ್ಲ. ಅದು ಬೀಳುವ ಕಡೆಗೇ ಬುಡ ಓಡುತ್ತದೆ, ಅಷ್ಟೇ. ಸೈಕಲ್ಲಿನ ಗುಟ್ಟೂ ಇದೇ. ಎಡಕ್ಕೆ ವಾಲಿದಾಗ ಹ್ಯಾಂಡಲ್ ಎಡಕ್ಕೆ ತಿರುಗುತ್ತದೆ, ಚಕ್ರಗಳು ಎಡಕ್ಕೆ ಓಡಿ ಮತ್ತೆ ನಮ್ಮ ಭಾರದ ಕೆಳಗೆ ಬಂದು ನಿಲ್ಲುತ್ತವೆ. ಒಳಪೆಡಲ್ ಹೊಡೆಯುತ್ತ ಮೊಣಕಾಲು ಕೆತ್ತಿಸಿಕೊಂಡ ದಿನಗಳಲ್ಲಿ ನಾವು ಕಲಿತದ್ದು ಇದನ್ನೇ, ನಮಗೇ ಗೊತ್ತಿಲ್ಲದಂತೆ. ಕೋಲಿನ ಆಟ ಇನ್ನೊಂದನ್ನೂ ಹೇಳಿಕೊಡುತ್ತದೆ. ಕೋಲನ್ನು ಬೇಕೆಂದೇ ಎಡಕ್ಕೆ ಒಯ್ಯಬೇಕಾದರೆ ಅಂಗೈಯನ್ನು ಮೊದಲು ಚೂರು ಬಲಕ್ಕೆ ಸರಿಸಿ, ಕೋಲು ಎಡಕ್ಕೆ ವಾಲುವಂತೆ ಮಾಡಿ, ಆಮೇಲೆ ಎಡಕ್ಕೆ ಓಡಬೇಕು. ಸೈಕಲ್ ಸವಾರರೂ ಎಡಕ್ಕೆ ತಿರುಗುವ ಮುನ್ನ ಹ್ಯಾಂಡಲನ್ನು ಕ್ಷಣಮಾತ್ರ ಬಲಕ್ಕೆ ಒತ್ತುತ್ತಾರೆ. ವಿಮಾನ ಹಾರಿಸುವ ಮುಂಚೆ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರಲ್ಲಿ ಹಿರಿಯರಾದ ವಿಲ್ಬರ್, ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಎಷ್ಟೋ ಸವಾರರನ್ನು ಕೇಳಿದ್ದರಂತೆ. ಒಬ್ಬರಿಗೂ ಸರಿಯಾಗಿ ಹೇಳಲು ಬರಲಿಲ್ಲವಂತೆ. ಎಲ್ಲರೂ ಮಾಡುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ.

ಪೆಡಲೇ ಇಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಚಕ್ರದ ಗಾಡಿಯನ್ನು ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾನ್‌ಹೈಮ್ ನಗರದಲ್ಲಿ ಓಡಿಸಿ ತೋರಿಸಿದರು. ಸೈಕಲ್ ಬೀಳದೆ ಓಡುವುದರ ಗಣಿತವನ್ನು ಇಂಗ್ಲೆಂಡಿನ ಫ್ರಾನ್ಸಿಸ್ ವಿಪಲ್ 1899ರಲ್ಲಿ ಬರೆದರು. ಆದರೂ ಸವಾರನಿಲ್ಲದ ಸೈಕಲ್ಲನ್ನು ಜೋರಾಗಿ ತಳ್ಳಿಬಿಟ್ಟರೆ ಅದು ಬೀಳದೆ ಅಷ್ಟು ದೂರ ತಾನೇ ಓಡುವುದೇಕೆ ಎಂಬ ಪ್ರಶ್ನೆ ಉಳಿಯಿತು. ತಿರುಗುವ ಚಕ್ರ ಬುಗುರಿಯಂತೆ ನೆಟ್ಟಗೆ ನಿಲ್ಲುತ್ತದೆ, ಅದಕ್ಕೇ ಎಂಬ ಉತ್ತರ ಬಹುಕಾಲ ಚಲಾವಣೆಯಲ್ಲಿತ್ತು. ಬ್ರಿಟನ್ನಿನ ರಸಾಯನ ವಿಜ್ಞಾನಿ ಡೇವಿಡ್ ಜೋನ್ಸ್ ಅದನ್ನು ನಂಬಲಿಲ್ಲ. ಹಿಂದುಮುಂದಾಗಿ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಬುಗುರಿಯ ಗುಣವನ್ನು ಅಳಿಸಿಹಾಕಿದರು. ಆ ಸೈಕಲ್ಲನ್ನೂ ಅವರು ಸಲೀಸಾಗಿ ಓಡಿಸಿದರು. 1970ರಲ್ಲಿ ಅದರ ಬಗ್ಗೆ ಬರೆದರು. ಬುಗುರಿಯ ಬದಲು ಅವರು ಮುಂದಿಟ್ಟ ಕಾರಣ ಮುಂದಿನ ಚಕ್ರದ ಓರೆ ಜೋಡಣೆ.

2011ರಲ್ಲಿ ಆ ಕಾರಣವೂ ಅನಿವಾರ್ಯವಲ್ಲ ಎಂದು ತೋರಿಸಿದವರು ಅರೆಂಡ್ ಶ್ವಾಬ್, ಆಂಡಿ ರೂಯಿನಾ, ಜಿಮ್ ಪಪಡೋಪೊಲಸ್ ಮತ್ತು ಸಂಗಡಿಗರು. ಬುಗುರಿಯ ಗುಣವೂ ಇಲ್ಲದ, ಆ ಜೋಡಣೆಯೂ ಇಲ್ಲದ ಪುಟ್ಟ ಗಾಡಿಯೊಂದನ್ನು ಕಟ್ಟಿ ತಳ್ಳಿದರು. ವಾಲಿದ ಕಡೆಗೆ ತಾನೇ ತಿರುಗಿ ಅದು ನೆಟ್ಟಗಾಯಿತು. ಭಾರ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ ಎಂದಾಯಿತು. ಈ ಪ್ರಯೋಗದ ಒಂದು ಕಾಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿತ್ತು, ಇನ್ನೊಂದು ಕಾಲು ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ನಮ್ಮ ಓದುಗರು ಹೊರಟಿರುವ ಊರಿನ ಹೆಸರು ನೋಡಿ ನನಗೆ ಸಂತೋಷವಾದದ್ದು ಅದಕ್ಕೇ.

ಈಗ ನೆನಪಿನ ವಿಷಯ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಮೂರ್ಛೆರೋಗ ವಾಸಿಮಾಡಲು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿಂದ ಮುಂದೆ ಹೊಸ ಸಂಗತಿ ಯಾವುದೂ ಆತನ ನೆನಪಿನಲ್ಲಿ ಉಳಿಯದಾಯಿತು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಅಭ್ಯಾಸವನ್ನು ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಕೊಟ್ಟರು. ಪ್ರತಿ ಸಲವೂ ಇದನ್ನು ಮೊದಲ ಬಾರಿ ನೋಡುತ್ತಿದ್ದೇನೆ ಎಂದುಕೊಂಡೇ ಆತ ಕೂರುತ್ತಿದ್ದ. ಆದರೆ ದಿನದಿಂದ ದಿನಕ್ಕೆ ಕೈ ಪಳಗುತ್ತ ಹೋಯಿತು. ನಡೆದದ್ದನ್ನು ನೆನೆಯುವ ಜಾಗ ಬೇರೆ, ಕೈಕಾಲಿನ ಕಸುಬು ಉಳಿಯುವ ಜಾಗ ಬೇರೆ ಎಂಬುದು ಹೀಗೆ ಗೊತ್ತಾಯಿತು. ಸೈಕಲ್ ಕಲಿತರೆ ಮರೆಯುವುದಿಲ್ಲ ಎನ್ನುತ್ತೇವಲ್ಲ, ಅದು ಈ ಎರಡನೆಯ ಜಾಗದ ಮಾತು.

ಹಾಗೆ ಮರೆಯದಿರುವುದೇ ತೊಡಕಾಗುವುದೂ ಉಂಟು. ಅಮೆರಿಕದ ಎಂಜಿನಿಯರ್ ಡೆಸ್ಟಿನ್ ಸ್ಯಾಂಡ್ಲಿನ್ ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ತಿರುಗುವ ಸೈಕಲ್ಲನ್ನು ಕಲಿಯಲು ಎಂಟು ತಿಂಗಳು ತೆಗೆದುಕೊಂಡರು. ಅವರ ಪುಟ್ಟ ಮಗ ಎರಡೇ ವಾರದಲ್ಲಿ ಕಲಿತ. ಆಮೇಲೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಸ್ಯಾಂಡ್ಲಿನ್ ಸಾದಾ ಸೈಕಲ್ ಹತ್ತಿದರೆ ಅದು ಬರಲೊಲ್ಲದು! ಸುಮಾರು ಇಪ್ಪತ್ತು ನಿಮಿಷ ತಡವರಿಸಿದ ಮೇಲೆ ಹಳೆಯ ಕಸುಬು ಮರಳಿತು. ಹೊಸ ಊರಿನಲ್ಲಿ ನಮ್ಮನ್ನು ಬೀಳಿಸುವುದು ಬಾರದ ವಿದ್ಯೆಯಲ್ಲ, ಚೆನ್ನಾಗಿ ಬರುವ ವಿದ್ಯೆ. ಕೆಳಗಿನ ಸಲಹೆಗಳೆಲ್ಲ ಈ ಒಂದು ಮಾತಿನಿಂದ ಹೊರಟವು.

ಮೊದಲನೆಯದು ಬ್ರೇಕು. ನಮ್ಮಲ್ಲಿ ಇಳಿಜಾರು ಬಂದರೆ ಕಾಲು ಸುಮ್ಮನಿರುವುದಿಲ್ಲ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಟಿಕ್ ಟಿಕ್ ಸದ್ದು ಕೇಳುತ್ತ ಹೋಗುತ್ತೇವೆ. ಡಚ್ಚರ ಸಾದಾ ಸೈಕಲ್ಲುಗಳಲ್ಲಿ, ಬಾಡಿಗೆಯವುಗಳಲ್ಲಿ ಕೂಡ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಬಹಳ ಬಳಕೆಯಲ್ಲಿದೆ. ಅಲ್ಲಿ ಹಿಂದಕ್ಕೆ ತಿರುಗಿಸಿದಿರೋ, ಹಿಂದಿನ ಚಕ್ರ ಗಪ್ಪನೆ ನಿಲ್ಲುತ್ತದೆ. ಇನ್ನೊಂದು ಕಡೆ, ಗಾಬರಿಯಲ್ಲಿ ಬೆರಳುಗಳು ಹ್ಯಾಂಡಲಿನ ಮೇಲೆ ಇಲ್ಲದ ಬ್ರೇಕನ್ನು ಹುಡುಕುತ್ತವೆ. ಬಾಡಿಗೆಗೆ ತೆಗೆದುಕೊಳ್ಳುವಾಗಲೇ ಕೈಬ್ರೇಕು ಇರುವುದನ್ನು ಕೇಳಿ. ಸಿಗದಿದ್ದರೆ ಖಾಲಿ ಜಾಗದಲ್ಲಿ ಅರ್ಧ ಗಂಟೆ ಹೋಗಿ ನಿಲ್ಲಿಸಿ, ಹೋಗಿ ನಿಲ್ಲಿಸಿ. ನಿಂತಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತರಲಾಗುವುದಿಲ್ಲ. ಆದ್ದರಿಂದ ನಿಲ್ಲುವಾಗಲೇ ಒಂದು ಪೆಡಲು ಮೇಲಿರುವಂತೆ ನಿಲ್ಲುವುದನ್ನು ಕಲಿಯಿರಿ. ಸೀಟು ಎತ್ತರವಾದರೆ ನಾಚಿಕೆಪಡದೆ ಇಳಿಸಿಕೊಳ್ಳಿ.

ಎರಡನೆಯದು ಬದಿ. ಅಲ್ಲಿ ಎಲ್ಲವೂ ರಸ್ತೆಯ ಬಲಬದಿಗೆ. ನಮ್ಮ ಸರ್ಕಲ್‌ಗಳಲ್ಲಿ ನಾವು ಸುತ್ತುವುದು ಪ್ರದಕ್ಷಿಣೆಯ ದಿಕ್ಕಿನಲ್ಲಿ, ನಡುವಿನ ಕಟ್ಟೆ ಬಲಗೈಗೆ. ಅಲ್ಲಿ ಅಪ್ರದಕ್ಷಿಣೆ, ಕಟ್ಟೆ ಎಡಗೈಗೆ. ಇದೊಂದನ್ನು ನೆನಪಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ. ಹೊರಡುವ ಮುಂಚೆ ಕನ್ಹಾನ್‌ನ ಯಾವುದಾದರೂ ಖಾಲಿ ಮೈದಾನದಲ್ಲಿ ಕಲ್ಲಿಟ್ಟು ಅಪ್ರದಕ್ಷಿಣೆಯಾಗಿ ದಿನಾ ಹತ್ತು ಸುತ್ತು ಹಾಕಿ. ಹೆದ್ದಾರಿಯಲ್ಲಿ ಮಾತ್ರ ಈ ಅಭ್ಯಾಸ ಬೇಡವೇ ಬೇಡ. ಮುಂದೆ ನಾಲ್ಕು ಸೈಕಲ್ ಹೋಗುತ್ತಿದ್ದರೆ ಹಿಂಬಾಲಿಸಿ ತಪ್ಪಿಲ್ಲದೆ ಹೋಗುತ್ತೇವೆ. ಮೈ ಹಳೆಯ ಬದಿಗೆ ಜಾರುವುದು ರಸ್ತೆ ಖಾಲಿಯಿದ್ದಾಗ, ಕಾಫಿ ಕುಡಿದು ಮತ್ತೆ ಹೊರಟಾಗ. ಅಡ್ಡದಾರಿಯಲ್ಲಿ ಮೊದಲು ಎಡಕ್ಕೆ ನೋಡಿ. ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನೆಲದ ಮೇಲೆ ಬಿಳಿ ತ್ರಿಕೋನಗಳ ಚೂಪು ನಿಮ್ಮ ಕಡೆ ಇದ್ದರೆ ದಾರಿ ಬಿಡಬೇಕಾದವರು ನೀವು. ರಾತ್ರಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ. ತುಳಿಯುತ್ತ ಫೋನನ್ನು ಕೈಯಲ್ಲಿ ಹಿಡಿಯುವುದು 2019ರ ಜುಲೈನಿಂದ ಅಪರಾಧ. ಇಳಿದ ದಿನವೇ ಸೈಕಲ್ ಹತ್ತಬೇಡಿ. ನಮಗೂ ಅವರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆಯ ಅಂತರ. ನಿದ್ದೆಗೆಟ್ಟ ಮನಸ್ಸು ಮೊದಲು ಕೈಬಿಡುವುದು ಹೊಸ ಪಾಠವನ್ನೇ.

ಮೂರನೆಯದು ಟ್ರಾಮ್ ಹಳಿ. ಹೇಗ್‌ನಿಂದ ಡೆಲ್ಫ್ಟಿಗೆ ಟ್ರಾಮ್ ಓಡುತ್ತದೆ. ಅದರ ಹಳಿ ನಮ್ಮ ರೈಲು ಹಳಿಯಂತೆ ಎದ್ದುನಿಂತಿರುವುದಿಲ್ಲ. ರಸ್ತೆಯ ಮಟ್ಟಕ್ಕೇ ಹೂತಿದ್ದು, ಪಕ್ಕದಲ್ಲಿ ಒಂದು ಸಂದು ಇರುತ್ತದೆ. ಟೈರು ಆ ಸಂದಿಗೆ ಇಳಿದರೆ ಹ್ಯಾಂಡಲ್ ತಿರುಗದು. ಅಂಗೈ ಮೇಲಿನ ಕೋಲನ್ನು ನೆನೆಯಿರಿ: ಯಾರೋ ನಿಮ್ಮ ಅಂಗೈಯನ್ನು ಮೇಜಿಗೆ ಕಟ್ಟಿಹಾಕಿದಂತೆ. ಎಷ್ಟೇ ಪಳಗಿದವರಾದರೂ ಬೀಳಲೇಬೇಕು. ಹಳಿಯನ್ನು ಆದಷ್ಟು ಅಡ್ಡವಾಗಿ ದಾಟಿ. ಮಳೆ ಬಂದಿದ್ದರೆ ಹಳಿಯ ಮೇಲೆ ಬ್ರೇಕು ಹಾಕಬೇಡಿ, ತಿರುಗಲೂಬೇಡಿ. ಹ್ಯಾಂಡಲಿಗೆ ಚೀಲ ನೇತುಹಾಕುವುದೂ ಅದೇ ಅಂಗೈಗೆ ಕಲ್ಲು ಕಟ್ಟಿದಂತೆ. ಭಾರವೆಲ್ಲ ಹಿಂದಿನ ಕ್ಯಾರಿಯರಿಗೆ ಹೋಗಲಿ.

ಕೊನೆಯದು ಗಾಳಿ. ಕನ್ಹಾನ್‌ನಲ್ಲಿ ಮೇ ತಿಂಗಳ ಶತ್ರು ಬಿಸಿಲು. ತುಳಿಯುವ ಸ್ನಾಯು ತಾನು ಉರಿಸಿದ ಶಕ್ತಿಯಲ್ಲಿ ಕಾಲು ಭಾಗವನ್ನೂ ಪೂರ್ತಿ ಪೆಡಲಿಗೆ ಕೊಡಲಾರದು, ಉಳಿದದ್ದು ಶಾಖ. ಹೊರಗೆ 45 ಡಿಗ್ರಿ ಇದ್ದಾಗ ಗಾಳಿಯೇ ಚರ್ಮಕ್ಕಿಂತ ಬಿಸಿ, ಬೆವರು ಆರುವುದೊಂದೇ ದಾರಿ. ಡೆಲ್ಫ್ಟಿನಲ್ಲಿ ತಿರುವುಮುರುವು: ಗಾಳಿ ತಂಪು, ಬೆವರಿ ನಿಂತರೆ ಚಳಿ ಹಿಡಿಯುತ್ತದೆ, ತೆಳುವಾದ ಒಂದು ಮಳೆ ಅಂಗಿ ಕೈಗೆಟುಕುವಂತಿರಲಿ. ಗುಡ್ಡವಿಲ್ಲದ ಆ ನಾಡಿನಲ್ಲಿ ಗುಡ್ಡದ ಕೆಲಸ ಮಾಡುವುದು ಎದುರುಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅಷ್ಟೇ ವೇಗದ ಗಾಳಿ ಎದುರಾದರೆ, ಮುಖಕ್ಕೆ ಬಡಿಯುವುದು 30ರ ಗಾಳಿ. ತಡೆ ನಾಲ್ಕು ಪಟ್ಟು. ಅದೇ ಗಾಳಿ ಬೆನ್ನಿಗಿದ್ದರೆ ತಡೆಯೇ ಇಲ್ಲ. ಬೆಳಿಗ್ಗೆ ಮೈ ಹಸನಾಗಿರುವಾಗ ಗಾಳಿಗೆ ಎದುರಾಗಿ ಹೊರಡಿ, ಸಂಜೆ ಗಾಳಿ ಬೆನ್ನಿಗಿರಿಸಿ ಬನ್ನಿ. ಹೋಗುವಾಗ ಸುಖವಾಗಿತ್ತು ಎಂದು ದೂರ ಹೋದವರೇ ಬರುವಾಗ ಬಳಲುವುದು.

ಹಿಂತಿರುಗಿ ಬಂದ ಮೇಲೂ ಒಂದು ಎಚ್ಚರಿಕೆ ಬೇಕು. ಬಿಸಿಲಿಗೆ ಒಗ್ಗಿದ ಮೈ ತಂಪು ನಾಡಿನಲ್ಲಿ ಕೆಲವೇ ವಾರದಲ್ಲಿ ಆ ಒಗ್ಗಿಕೆಯನ್ನು ಕಳೆದುಕೊಳ್ಳುತ್ತದೆ. ಮತ್ತೆ ಒಗ್ಗಲು ಕೆಲವು ದಿನ ಬೇಕು. ಜೂನ್‌ನಲ್ಲಿ ಮಳೆ ಹಿಡಿಯುವ ಮುನ್ನ ನಾಗಪುರ ಇನ್ನೂ ಕಾದಿರುತ್ತದೆ. ಅಷ್ಟರಲ್ಲಿ ಮೈ ಬಲಬದಿಯನ್ನೂ, ಹಿಂದಕ್ಕೆ ತುಳಿಯುವ ಬ್ರೇಕನ್ನೂ ಕಲಿತಿರುತ್ತದೆ. ಅದನ್ನು ಹಾಗೆಯೇ ಹೊತ್ತುಕೊಂಡು ಕಲ್ಲಿದ್ದಲು ಲಾರಿಗಳ ನಡುವೆ ಇಳಿಯಬೇಡಿ. ಮೊದಲ ಬೆಳಿಗ್ಗೆ ಅದೇ ಮೈದಾನಕ್ಕೆ ಹೋಗಿ, ಅದೇ ಕಲ್ಲುಗಳ ಸುತ್ತ, ಈ ಸಲ ಪ್ರದಕ್ಷಿಣೆಯಾಗಿ ಹತ್ತು ಸುತ್ತು ಹಾಕಿ. ಆಮೇಲೆ ಸೇತುವೆಯ ಕಡೆ ಹೊರಡಿ.