ಹುಟ್ಟಿದ ವರ್ಷ 2006 ಎಂದು ಬರೆದವರು ನಾವೇ

ಲಂಡನ್ನಿನ ನಾರ್ದರ್ನ್ ಲೈನ್ ರೈಲು ಹಿಡಿದು ಎಜ್‌ವೇರ್ ಕಡೆಗೆ ಹೊರಟರೆ ಹೆಂಡನ್ ಸೆಂಟ್ರಲ್ ಆದ ಮೇಲೆ ಸಿಗುವುದು ನಮ್ಮ ಕೊಲಿಂಡೇಲ್. ಊರಿನಿಂದ ಯಾರಾದರೂ ಬಂದರೆ ನಾವು ಮೊದಲು ಕರೆದುಕೊಂಡು ಹೋಗುವುದು ಇಲ್ಲಿನ ಆರ್‌ಎಎಫ್ ವಿಮಾನ ಮ್ಯೂಸಿಯಂಗೆ. ಟಿಕೆಟ್ ಇಲ್ಲ, ಮಕ್ಕಳಿಗೂ ಖುಷಿ. ಆದರೆ ಸ್ಟೇಷನ್ನಿನ ಹತ್ತಿರವೇ ಇನ್ನೊಂದು ದೊಡ್ಡ ಕಟ್ಟಡವಿತ್ತು. ಅದು ಬ್ರಿಟಿಷ್ ಲೈಬ್ರರಿಯವರ ಪತ್ರಿಕಾ ಗ್ರಂಥಾಲಯ. 1932ರಿಂದ 2013ರವರೆಗೆ ಈ ದೇಶದ ಹಳೆಯ ದಿನಪತ್ರಿಕೆಗಳನ್ನು ಓದಬೇಕೆಂದರೆ ಜನ ಕೊಲಿಂಡೇಲ್‌ಗೇ ಬರಬೇಕಿತ್ತು. ಈಗ ಪತ್ರಿಕೆಗಳೆಲ್ಲ ಯಾರ್ಕ್‌ಶೈರಿನ ಬಾಸ್ಟನ್ ಸ್ಪಾಗೆ ಹೋಗಿವೆ, ಆ ಜಾಗದಲ್ಲಿ ಫ್ಲ್ಯಾಟುಗಳು ಎದ್ದಿವೆ.

ಆ ಕಡೆ ಹಾದು ಹೋಗುವಾಗ ದಾವಣಗೆರೆಯ ಮನೆ ನೆನಪಾಗುತ್ತದೆ. ನಮ್ಮಲ್ಲಿಗೆ ಬರುತ್ತಿದ್ದದ್ದು ಒಂದೇ ಪತ್ರಿಕೆ. ಮೊದಲು ಅಪ್ಪ, ಆಮೇಲೆ ಅಮ್ಮ, ಕೊನೆಗೆ ನಾವು ಮಕ್ಕಳು. ಯಾರು ಯಾವ ಪುಟದಲ್ಲಿ ಎಷ್ಟು ಹೊತ್ತು ಕೂತರು ಎಂಬುದು ಮನೆಗೆಲ್ಲ ಗೊತ್ತು. ಇವತ್ತು ನಮ್ಮ ಸೋಫಾದ ಮೇಲೆ ನಾಲ್ಕು ಜನ ಕೂತರೆ ನಾಲ್ಕು ಪತ್ರಿಕೆ, ನಾಲ್ಕೂ ಬೇರೆ ಬೇರೆ. ಮಗಳ ಮೊಬೈಲಿನಲ್ಲಿ ಈ ಬೆಳಿಗ್ಗೆ ಏನು ಬಂತು ಎಂಬುದು ಪಕ್ಕದಲ್ಲಿ ಕೂತ ನಮಗೆ ತಿಳಿಯದು.

ಹೀಗೆ ಪಕ್ಕದಲ್ಲೇ ಇದ್ದೂ ತಿಳಿಯದೆ ಹೋದ ಒಂದು ಕಥೆ ನಮ್ಮ ನೆರೆಯದೇ. ಹ್ಯಾರೋದ ಮಾಲಿ ರಸೆಲ್ ಎಂಬ ಹುಡುಗಿ 2017ರ ನವೆಂಬರಿನಲ್ಲಿ, ತನ್ನ 14ನೇ ವಯಸ್ಸಿನಲ್ಲಿ ತೀರಿಕೊಂಡಳು. ಮನೆಯವರ ಕಣ್ಣಿಗೆ ಅವಳು ಎಲ್ಲ ಹುಡುಗಿಯರಂತೆಯೇ ಇದ್ದಳು. ಅವಳ ತಂದೆ ಇಯಾನ್ ರಸೆಲ್ ಮಗಳ ಖಾತೆಗಳಲ್ಲಿ ಏನೇನು ಬಂದಿತ್ತು ಎಂದು ಕಂಪನಿಗಳನ್ನು ಕೇಳುತ್ತಾ ವರ್ಷಗಟ್ಟಲೆ ಅಲೆದರು. ಕಡೆಗೆ 2022ರ ಸೆಪ್ಟೆಂಬರಿನಲ್ಲಿ ನಾರ್ತ್ ಲಂಡನ್ ಕರೋನರ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಆ ಕೋರ್ಟು ಇರುವುದು ನಮ್ಮದೇ ಬಾರ್ನೆಟ್ ಕೌನ್ಸಿಲ್ ವ್ಯಾಪ್ತಿಯಲ್ಲಿ.

ಲೆಕ್ಕಪತ್ರ ನೋಡುವುದೇ ನಮ್ಮ ಕಸುಬು, ಹಾಗಾಗಿ ಆ ವರದಿಗಳಲ್ಲಿ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಅಂಕಿಗಳು. ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಂನಲ್ಲಿ ಸೇವ್ ಮಾಡಿದ, ಲೈಕ್ ಒತ್ತಿದ ಅಥವಾ ಹಂಚಿಕೊಂಡ ಪೋಸ್ಟುಗಳು ಸುಮಾರು 16,300. ಅದರಲ್ಲಿ 2,100 ಖಿನ್ನತೆ, ಸ್ವಯಂ ಹಾನಿ, ಆತ್ಮಹತ್ಯೆಗೆ ಸಂಬಂಧಿಸಿದವು. ಉಳಿದ 14,200 ಎಲ್ಲ ಮಕ್ಕಳೂ ನೋಡುವಂಥವೇ. ಅಪ್ಪ-ಅಮ್ಮ ಯಾವಾಗಾದರೊಮ್ಮೆ ಇಣುಕಿದ್ದರೂ ಕಾಣುವ ಸಾಧ್ಯತೆ ಹೆಚ್ಚಿದ್ದದ್ದು ಆ 14,200ರಲ್ಲೊಂದು. ಇನ್ನೊಂದು ತಾಣವಾದ ಪಿಂಟರೆಸ್ಟ್‌ನಿಂದ, ಖಿನ್ನತೆಯ ಬಗೆಗಿನ ಚಿತ್ರಗಳು ನಿಮಗೆ ಇಷ್ಟವಾಗಬಹುದು ಎಂಬ ಅರ್ಥದ ಇ-ಮೇಲುಗಳೂ ಅವಳಿಗೆ ಬಂದಿದ್ದವು. ಅದನ್ನು ಕಳಿಸಿದ್ದು ಯಾವ ದುಷ್ಟನೂ ಅಲ್ಲ. ಒಮ್ಮೆ ನೋಡಿದ್ದಕ್ಕೆ ಹತ್ತು ತಂದು ಸುರಿಯುವ ಯಂತ್ರ ಕಳಿಸಿದ್ದು. ಕಂಪನಿಗಳ ಅಧಿಕಾರಿಗಳು ಅಮೆರಿಕದಿಂದ ಬಂದು ಸಾಕ್ಷಿ ಹೇಳಿದರು, ಕ್ಷಮೆಯನ್ನೂ ಕೇಳಿದರು. ಖಿನ್ನತೆಯಿಂದ ಬಳಲುತ್ತಿದ್ದ ಆ ಮಗುವಿನ ಸಾವಿಗೆ ಆನ್‌ಲೈನ್‌ನಲ್ಲಿ ಕಂಡ ವಿಷಯಗಳ ಕೆಟ್ಟ ಪರಿಣಾಮವೂ ಕಾರಣವಾಯಿತು ಎಂದು ಕರೋನರ್ ಆಂಡ್ರೂ ವಾಕರ್ ಸೆಪ್ಟೆಂಬರ್ 30ರಂದು ತೀರ್ಮಾನ ಕೊಟ್ಟರು.

ಆ ವಾರ ನಮ್ಮ ಕನ್ನಡದ ಗೆಳೆಯರ ಮನೆಗಳಲ್ಲೆಲ್ಲ ಇದೇ ಮಾತು. ಎಲ್ಲರೂ ತಂತಮ್ಮ ಮಕ್ಕಳ ಫೋನ್ ನೋಡಿದರು. ನಾವೂ ನೋಡಿದೆವು. ಏನೂ ಸಿಗಲಿಲ್ಲ, ಸಮಾಧಾನವಾಯಿತು. ನೋಡಬೇಕಾದ ಒಂದು ಸಾಲನ್ನು ಮಾತ್ರ ನೋಡಲಿಲ್ಲ.

ಆ ಸಾಲಿನ ಕಥೆ 2021ರದು. ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿತ್ತು, ಮಗಳಿಗೆ 11 ವರ್ಷ. ಗೆಳತಿಯರೆಲ್ಲ ಇನ್‌ಸ್ಟಾಗ್ರಾಂನಲ್ಲಿದ್ದಾರೆ ಎಂಬುದು ಅವಳ ಹಟ. ಅವಳ ಭರತನಾಟ್ಯದ ವಿಡಿಯೊ ದಾವಣಗೆರೆಯ ಅಜ್ಜಿಗೂ ದೊಡ್ಡಮ್ಮನ ಮಗಳಿಗೂ ಕಾಣಲಿ ಎಂಬುದು ನಮ್ಮ ಆಸೆ. ಇದು ಹೊರದೇಶದ ಮನೆಗಳ ವಿಶೇಷ ಕಷ್ಟ. ಅಜ್ಜಿ-ತಾತಂದಿರ ಮುಖ ನೋಡಲಿಕ್ಕೆಂದು ನಮ್ಮ ಮಕ್ಕಳ ಕೈಗೆ ವಾಟ್ಸ್‌ಆ್ಯಪ್ ಬೇಗ ಬರುತ್ತದೆ, ಉಳಿದವು ಅದರ ಹಿಂದೆಯೇ ಬರುತ್ತವೆ. ಇನ್‌ಸ್ಟಾಗ್ರಾಂ 13 ಆಗದವರನ್ನು ಸೇರಿಸಿಕೊಳ್ಳುವುದಿಲ್ಲ. ಹುಟ್ಟಿದ ದಿನ ಕೇಳುವ ಜಾಗದಲ್ಲಿ ನಾವೇ ಬೆರಳಿಟ್ಟು ವರ್ಷದ ಚಕ್ರ ತಿರುಗಿಸಿದೆವು. 2006ಕ್ಕೆ ನಿಂತಿತು. ಸಾಕು ಎಂದು ಮುಂದೆ ಒತ್ತಿದೆವು. ಅವಳು ಹುಟ್ಟಿದ್ದು 2010ರಲ್ಲಿ.

ಬಿಕಾಂ ಮಾಡಿ, ಸಿಎ ಮಾಡಿ, ಇಪ್ಪತ್ತು ವರ್ಷ ಇನ್ನೊಬ್ಬರ ವೋಚರಿನ ತಾರೀಕು ತಿದ್ದಿದ್ದರೆ ವಾಪಸ್ ಕಳಿಸಿದವರು ನಾವು. ಮಗಳ ಖಾತೆಗೆ ಮಾತ್ರ ಸುಳ್ಳು ತಾರೀಕಿನ ಆರಂಭ ಶಿಲ್ಕು ಹಾಕಿಕೊಟ್ಟೆವು. ನಾವೊಬ್ಬರೇ ಅಲ್ಲ ಎಂಬುದು ಸಮಾಧಾನವಲ್ಲ, ಆದರೂ ಹೇಳಬೇಕು. ಈ ದೇಶದ ಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಮಾಜಿಕ ಜಾಲತಾಣದಲ್ಲಿರುವ 8ರಿಂದ 17 ವರ್ಷದ ಮಕ್ಕಳಲ್ಲಿ ಮೂವರಲ್ಲೊಬ್ಬರ ಖಾತೆಯಲ್ಲಿ ವಯಸ್ಸು 18 ದಾಟಿದೆ.

ಒಮ್ಮೆ ಹಾಕಿದ ಸುಳ್ಳು ತಾರೀಕು ಸುಮ್ಮನೆ ಕೂರುವುದಿಲ್ಲ, ಬಡ್ಡಿಯ ಹಾಗೆ ಬೆಳೆಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ಇನ್‌ಸ್ಟಾಗ್ರಾಂ ಹದಿಹರೆಯದವರಿಗೆ ಬೇರೆಯದೇ ಖಾತೆ ತಂದಿತು. ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ, ಅಪರಿಚಿತರು ಮೆಸೇಜ್ ಕಳಿಸುವಂತಿಲ್ಲ, 16 ಆಗದವರು ಇದನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಸುದ್ದಿ ಓದಿ, ಇನ್ನು ಚಿಂತೆಯಿಲ್ಲ ಎಂದುಕೊಂಡೆವು. ಆದರೆ ಆ ಹೊತ್ತಿಗೆ ನಮ್ಮ 14ರ ಮಗಳಿಗೆ ಕಂಪನಿಯ ಲೆಕ್ಕದಲ್ಲಿ 18 ತುಂಬಿತ್ತು. ಬಾಗಿಲು ಹಾಕಿದ್ದು ಎಲ್ಲರ ಮಕ್ಕಳಿಗೆ, ನಮ್ಮವಳು ಹೊರಗಡೆ ಉಳಿದಿದ್ದಳು.

2025ರ ಜನವರಿಯಲ್ಲಿ ಅವಳಿಗೆ ಒಬ್ಬ 'ಹುಡುಗ'ನ ಮೆಸೇಜ್ ಬಂತು. (ಮುಂದಿನದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಎರಡು ಸಾಲು ಬೇಡವೆಂದು ಅವಳೇ ಹೊಡೆದುಹಾಕಿದ್ದಾಳೆ.) ತನಗೂ ಡ್ಯಾನ್ಸ್ ಇಷ್ಟ ಎಂದ, ನಿಮ್ಮ ಪಕ್ಕದ ಶಾಲೆ ಎಂದ, ಫೋಟೊ ಕೇಳಿದ. ಅವಳು ಕಳಿಸಿದ್ದು ಯೂನಿಫಾರ್ಮಿನಲ್ಲಿರುವ ಒಂದು ಸಾದಾ ಫೋಟೊ. ನಾಲ್ಕನೆಯ ದಿನ ಅದೇ ಮುಖ ಹಚ್ಚಿದ ಬೇರೆ ಚಿತ್ರ ವಾಪಸ್ ಬಂತು. ದುಡ್ಡು ಕಳಿಸು, ಇಲ್ಲವಾದರೆ ನಿನ್ನ ಫಾಲೋವರ್ ಪಟ್ಟಿಯಲ್ಲಿರುವ ಎಲ್ಲರಿಗೂ ಇದನ್ನು ಕಳಿಸುತ್ತೇನೆ ಎಂದ. ಆ ಪಟ್ಟಿಯಲ್ಲಿ ದಾವಣಗೆರೆಯ ಅರ್ಧ ಬಳಗವಿತ್ತು.

ಒಂಬತ್ತು ದಿನ ಅವಳು ನಮಗೆ ಹೇಳಲಿಲ್ಲ. ಊಟ ಬಿಟ್ಟಳು, ಪರೀಕ್ಷೆಯ ಒತ್ತಡ ಎಂದುಕೊಂಡೆವು. ಫೋನ್ ಕಂಡರೆ ಬೆಚ್ಚುತ್ತಿದ್ದಳು, ಫೋನ್ ಕಡಿಮೆ ಮಾಡಿದ್ದಾಳೆ ಎಂದು ಖುಷಿಪಟ್ಟೆವು. ಕೊನೆಗೆ ಅವಳು ಹೇಳಿಕೊಂಡಿದ್ದು ದೊಡ್ಡಮ್ಮನ ಮಗಳ ಹತ್ತಿರ. ಆ ಹುಡುಗಿ ಗಟ್ಟಿಗಿತ್ತಿ, ಗುಟ್ಟು ಇಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದರೂ ಮುರಿದು ನಮಗೆ ಫೋನ್ ಮಾಡಿದಳು. "ಚಿಕ್ಕಪ್ಪ, ಬೈಯಲ್ಲ ಅಂತ ಹೇಳಿದ್ರೆ ಮಾತ್ರ ಹೇಳ್ತೀನಿ" ಎಂದೇ ಶುರು ಮಾಡಿದ್ದು.

ಯಾಕಮ್ಮ ಹೇಳಲಿಲ್ಲ ಎಂದು ಅವತ್ತು ರಾತ್ರಿ ಮಗಳನ್ನು ಕೇಳಿದೆವು. ಉತ್ತರ ಸಿದ್ಧವಿತ್ತು. "ಫೋನ್ ಕಿತ್ಕೋತಿದ್ರಿ. ಅಮ್ಮ ಅಳ್ತಿದ್ರು. ಅಜ್ಜಿಗೆ ಗೊತ್ತಾಗ್ತಿತ್ತು." ಮೂರೂ ನಿಜ. ಆ ಮೆಸೇಜ್ ಕಳಿಸಿದವನಿಗೂ ಈ ಮೂರು ಗೊತ್ತಿರಬೇಕು. ಅವನ ವ್ಯಾಪಾರ ನಡೆಯುವುದೇ ಮಗು ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆ.

ಗಂಡು ಮಕ್ಕಳಿರುವ ಮನೆಯವರು ಇದು ಹೆಣ್ಣು ಮಕ್ಕಳ ಕಥೆ ಎಂದು ಪುಟ ತಿರುಗಿಸಬೇಡಿ. ಬ್ರಿಟನ್ನಿನ ನ್ಯಾಷನಲ್ ಕ್ರೈಂ ಏಜೆನ್ಸಿ 2024ರ ಏಪ್ರಿಲ್‌ನಲ್ಲಿ ಶಾಲಾ ಶಿಕ್ಷಕರಿಗೆಲ್ಲ ಇಂಥ ಬೆದರಿಕೆಗಳ ಬಗ್ಗೆ ಎಚ್ಚರಿಕೆ ಪತ್ರ ಕಳಿಸಿತು. ಪ್ರಕರಣಗಳಲ್ಲಿ ದೊಡ್ಡ ಪಾಲು 14ರಿಂದ 18 ವರ್ಷದ ಹುಡುಗರದು ಎಂದು ಅದರಲ್ಲಿತ್ತು. ಹುಡುಗರಂತೂ ಇನ್ನೂ ಬಾಯಿ ಬಿಡುವುದಿಲ್ಲ.

ಮಾಡಿದ್ದೇನು

ಸಿಟ್ಟಿನಲ್ಲಿ ಎಲ್ಲ ಅಳಿಸಿ ಹಾಕಲು ಹೊರಟಿದ್ದೆವು. ಮನೆಯವರು ಕೈ ಹಿಡಿದರು. ದಾಖಲೆ ಹರಿದು ಹಾಕಿ ಆಮೇಲೆ ದೂರು ಕೊಡುವುದು ಹೇಗೆ? ನಮ್ಮ ಕಸುಬಿನ ಪಾಠ ನಮಗೇ ಹೇಳಿಸಿಕೊಳ್ಳಬೇಕಾಯಿತು. ಅವನ ಖಾತೆಯ ಹೆಸರು, ಮಾತುಕತೆ, ದುಡ್ಡು ಕೇಳಿದ ಸಾಲು, ಎಲ್ಲದರ ಸ್ಕ್ರೀನ್‌ಶಾಟ್ ತಾರೀಕಿನ ಸಮೇತ ತೆಗೆದೆವು. ಆ ಚಿತ್ರವನ್ನು ಮಾತ್ರ ನಕಲು ಮಾಡಲಿಲ್ಲ, ಯಾರಿಗೂ ಕಳಿಸಲಿಲ್ಲ. ಮಗುವಿನ ಅಂಥ ಚಿತ್ರ ಹಂಚುವುದು, ಒಳ್ಳೆಯ ಉದ್ದೇಶಕ್ಕಾದರೂ, ಕಾನೂನಿನ ತೊಡಕು ತರುತ್ತದೆ. ಒಂದು ಪೆನ್ನಿಯೂ ಕೊಡಲಿಲ್ಲ. ಕೊಟ್ಟರೆ ಮತ್ತೆ ಕೇಳುತ್ತಾರೆ. ಉತ್ತರ ಬರೆಯದೆ ಬ್ಲಾಕ್ ಮಾಡಿ, ಇಲ್ಲಿನ ಪೊಲೀಸರ 101 ಸಂಖ್ಯೆಗೆ ಕರೆ ಮಾಡಿದೆವು.

ಮಾರನೆಯ ದಿನ ಶಾಲೆಗೆ ಹೋದೆವು. ಇಲ್ಲಿ ಪ್ರತಿ ಶಾಲೆಯಲ್ಲೂ ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಒಬ್ಬ ಶಿಕ್ಷಕರು ಇರಲೇಬೇಕು. ಆಕೆ ಮಗಳಿಗೆ ಹೇಳಿದ ಮೊದಲ ಮಾತು, ನಿನ್ನ ತಪ್ಪೇನೂ ಇಲ್ಲ ಎಂದು. ಅದನ್ನು ನಾವು ಹಿಂದಿನ ರಾತ್ರಿಯೇ ಹೇಳಬೇಕಿತ್ತು. 'ರಿಪೋರ್ಟ್ ರಿಮೂವ್' ಎಂಬ ಸೌಲಭ್ಯವನ್ನೂ ಆಕೆಯೇ ತೋರಿಸಿದ್ದು. ಚೈಲ್ಡ್‌ಲೈನ್ ಮತ್ತು ಇಂಟರ್‌ನೆಟ್ ವಾಚ್ ಫೌಂಡೇಷನ್ ಸೇರಿ ನಡೆಸುವ ಇದರಲ್ಲಿ 18 ಆಗದ ಮಕ್ಕಳು ತಾವೇ ದೂರು ಕೊಡಬಹುದು. ಊರಿನಲ್ಲಿರುವವರಿಗೆ ಅಮೆರಿಕದ ಸಂಸ್ಥೆಯೊಂದರ 'ಟೇಕ್ ಇಟ್ ಡೌನ್' ಇದೆ. ಅದರಲ್ಲಿ ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದೇ ಇಲ್ಲ. ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ, ಆ ಗುರುತಿನ ಚಿತ್ರ ಕಂಡಲ್ಲಿ, ಯೋಜನೆಗೆ ಸೇರಿರುವ ಜಾಲತಾಣಗಳು ತೆಗೆದುಹಾಕಬಹುದು.

ಅವನು ಚಿತ್ರವನ್ನು ಯಾರಿಗೂ ಕಳಿಸಲಿಲ್ಲ, ನಮಗೆ ತಿಳಿದಂತೆ. ಸಿಕ್ಕಿಬೀಳಲೂ ಇಲ್ಲ. ಹಳೆಯ ಖಾತೆ ಮುಚ್ಚಿದೆವು. ನಾಲ್ಕು ವರ್ಷದ ನೃತ್ಯದ ವಿಡಿಯೊಗಳು ಹೋದವು ಎಂದು ಮಗಳು ಅತ್ತಳು. ಹೊಸ ಖಾತೆ ತೆರೆಯುವಾಗ ವರ್ಷದ ಚಕ್ರ ಅವಳೇ ತಿರುಗಿಸಿದಳು, 2010ಕ್ಕೆ ನಿಲ್ಲಿಸಿ ನಮ್ಮ ಮುಖ ನೋಡಿದಳು.

ಕಾನೂನು ಮುಂದೆ ಹೋಗಿದೆ. ಮಾಲಿಯ ತಂದೆಯಂಥವರ ಹೋರಾಟದ ಫಲವಾಗಿ 2023ರ ಅಕ್ಟೋಬರ್ 26ರಂದು ಇಲ್ಲಿ ಆನ್‌ಲೈನ್ ಸುರಕ್ಷತಾ ಕಾಯ್ದೆ ಬಂತು. ಮಕ್ಕಳ ರಕ್ಷಣೆಯ ಭಾಗ 2025ರ ಜುಲೈ 25ರಿಂದ ಜಾರಿಯಲ್ಲಿದೆ. ತಪ್ಪಿದ ಕಂಪನಿಗೆ 1.8 ಕೋಟಿ ಪೌಂಡ್ ಅಥವಾ ಜಾಗತಿಕ ಆದಾಯದ ಶೇ 10, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ಹಾಕಬಹುದು. ಆದಾಯದ ಮೇಲೆ ದಂಡ, ಲಾಭದ ಮೇಲಲ್ಲ. ಲಾಭವನ್ನು ಲೆಕ್ಕದಲ್ಲಿ ಕರಗಿಸುವುದು ಸುಲಭ ಎಂದು ಬಲ್ಲವರೇ ಇದನ್ನು ಬರೆದಿರಬೇಕು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ಆಗದವರಿಗೆ ದೊಡ್ಡ ಜಾಲತಾಣಗಳಲ್ಲಿ ಖಾತೆಯನ್ನೇ ನಿಲ್ಲಿಸಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ಆಗದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ ಹೆತ್ತವರ ಒಪ್ಪಿಗೆ ಕೇಳುತ್ತದೆ. ಬ್ರಿಟನ್ನಿನಲ್ಲಿ ಆ ಒಪ್ಪಿಗೆಯ ವಯಸ್ಸು 13. ಅಂದರೆ ನಮ್ಮ ಮಗಳು ಇಲ್ಲಿ ಸ್ವತಂತ್ರಳು, ಅವಳಿಗಿಂತ ದೊಡ್ಡವಳಾದ ದಾವಣಗೆರೆಯ ಅಕ್ಕ ಅಲ್ಲಿ ಇನ್ನೂ ಮಗು. ಎಲ್ಲಿಯೇ ಆದರೂ ಹೆತ್ತವರೇ ಕೂತು ಸುಳ್ಳು ವರ್ಷ ತುಂಬಿಕೊಟ್ಟರೆ ಯಾವ ಕಾಯ್ದೆ ಏನು ಮಾಡೀತು?

ಊರಿನಲ್ಲಿ ಇದನ್ನು ಓದುತ್ತಿರುವವರಿಗೆ ಒಂದಿಷ್ಟು ಸಂಖ್ಯೆಗಳು. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿ 1098, ಮನಸ್ಸು ಕುಗ್ಗಿದ್ದರೆ ಟೆಲಿ ಮನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ 2014ರಿಂದ ಕ್ಲಿನಿಕ್ ಇದೆ. ಬ್ರಿಟನ್ನಿನಲ್ಲಿ ಮಕ್ಕಳಿಗೆ ಚೈಲ್ಡ್‌ಲೈನ್ 0800 1111, ಯಾರಿಗಾದರೂ ಸಮಾರಿಟನ್ಸ್ 116 123.

ಅಜ್ಜಿಗೆ ಹೇಳಿದ್ದು ಒಂದು ತಿಂಗಳ ಮೇಲೆ. ನಾವು ಹೇಳಲಿಲ್ಲ, ಮಗಳೇ ವಿಡಿಯೊ ಕಾಲ್‌ನಲ್ಲಿ ಹೇಳಿದಳು. ನಾವು ಪಕ್ಕದ ಕೋಣೆಯಲ್ಲಿ ಉಸಿರು ಹಿಡಿದು ಕೂತಿದ್ದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಮ್ಮ ಕಾಲದಲ್ಲೂ ಇದ್ರಲ್ಲ ಇಂಥೋರು. ಸ್ಕೂಲಿಗೆ ಹೋಗೋ ದಾರೀಲಿ ಚೀಟಿ ಎಸೀತಿದ್ರು. ಮನೇಲಿ ಹೇಳಿದ್ರೆ ಎಸೆದೋನ್ನ ಯಾರೂ ಕೇಳ್ತಿರ್ಲಿಲ್ಲ, ನಮ್ಮನ್ನ ಸ್ಕೂಲು ಬಿಡಿಸ್ತಿದ್ರು. ನನ್ನ ಗೆಳತಿ ಒಬ್ಬಳು ಹಂಗೇ ಏಳನೇ ಕ್ಲಾಸಿಗೆ ನಿಂತ್ಲು. ಅವತ್ತಿಂದ ನಾನು ಯಾರಿಗೂ ಏನೂ ಹೇಳ್ಲಿಲ್ಲ."

ಐವತ್ತು ವರ್ಷದಲ್ಲಿ ಅಮ್ಮ ಇದನ್ನು ನಮಗೆ ಯಾರಿಗೂ ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಆರು ಗಂಟೆಗೇ ಮತ್ತೆ ಫೋನ್. ಮೊಮ್ಮಗಳನ್ನೇ ಎಬ್ಬಿಸಿ ಎಂದರು. "ಪುಟ್ಟಿ, ನನ್ನ ವಾಟ್ಸ್‌ಆ್ಯಪ್ ಡಿಪಿಲಿ ನಿನ್ನ ಫೋಟೊ ಐತಲ್ಲ, ಇರ್ಲಾ, ತೆಗೀಲಾ?"

ಮಗಳು ಕಣ್ಣುಜ್ಜಿಕೊಂಡು ನೋಡಿದಳು. "ಅದು ಯೂನಿಫಾರ್ಮ್‌ದು ಅಜ್ಜಿ, ತೆಗಿ. ಡ್ಯಾನ್ಸಿಂದು ಬೇರೆ ಕಳಿಸ್ತೀನಿ, ಅದು ಹಾಕ್ಕೋ."