ನಾರಾವಿಯ ಬೇಲಿಯಲ್ಲಿ ಒಂದು ಪ್ರಯೋಗಶಾಲೆ

ಗುರುವಾಯನಕೆರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ನಾರಾವಿ ಸಿಗುವುದು. ಘಟ್ಟದ ತಪ್ಪಲಿನ ಈ ಊರಿನ ಸುತ್ತ ತೋಟದ ಬೇಲಿಯಲ್ಲಿ, ಪಾಳುಗುಡ್ಡದಲ್ಲಿ, ಕಾಡಿನ ಅಂಚಿನಲ್ಲಿ ಒಂದು ಪೊದೆಯನ್ನು ಕಾಣುತ್ತೇವೆ. ಎಲೆಯನ್ನು ಹಿಸುಕಿದರೆ ಘಾಟು ವಾಸನೆ. ಜನ ಇದನ್ನು ಕಮ್ಯುನಿಸ್ಟ್ ಗಿಡವೆನ್ನುವರು. ಶಾಸ್ತ್ರೀಯ ನಾಮ ಕ್ರೋಮೊಲೀನ ಒಡೊರೇಟ. ಅಮೆರಿಕದ ಉಷ್ಣವಲಯ ಇದರ ತವರು. 19ನೆಯ ಶತಮಾನದ ನಡುಭಾಗದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಈ ಅತಿಥಿ ಕ್ರಮೇಣ ನಮ್ಮ ಕಾಡುಗಳನ್ನೇ ಹೊಕ್ಕು, ನಾಡಗಿಡಗಳ ಬೆಳಕನ್ನೂ ನೆಲವನ್ನೂ ಕಸಿದುಕೊಂಡಿತು.

ಇದು ಹಬ್ಬುವ ಬಗೆ ಹೇಗೆ? ಇದರ ಬೀಜದ ತುದಿಗೆ ನವುರಾದ ಕೂದಲಿನ ಕುಚ್ಚು ಉಂಟು. ಗಾಳಿಯಾಡದ ಕೋಣೆಯಲ್ಲಿ 2 ಮೀಟರು ಎತ್ತರದಿಂದ ಬೀಜವನ್ನು ಬಿಟ್ಟು ಕಾಲವನ್ನು ಅಳೆಯೋಣ. ಕಲ್ಲಾದರೆ ಮುಕ್ಕಾಲು ಸೆಕೆಂಡಿನೊಳಗೆ ನೆಲ ಸೇರುವುದು. ಬೀಜಕ್ಕೆ 4 ಸೆಕೆಂಡು ಹಿಡಿಯಿತೆಂದುಕೊಳ್ಳಿ. ಹೊರಗೆ ಗಾಳಿ ಸೆಕೆಂಡಿಗೆ 3 ಮೀಟರಿನಂತೆ ಬೀಸುತ್ತಿದ್ದರೆ, ನೆಲ ಮುಟ್ಟುವ ಮುನ್ನ ಅದು 12 ಮೀಟರು ಸಾಗಿರುವುದು. ಒಂದೊಂದು ಪೊದೆಯಲ್ಲಿಯೂ ಇಂತಹ ಬೀಜಗಳು ಸಾವಿರಾರು!

"ಇದನ್ನು ಕಲಿತರೆ ಉದ್ಯೋಗ ಸಿಗುವುದೆ?" ಜೀವಶಾಸ್ತ್ರದ ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆ ನ್ಯಾಯವಾದುದು. ಇದೇ ಸಸ್ಯಕುಟುಂಬದ ಇನ್ನೊಂದು ಕಳೆಯ ಕಥೆ ಅದಕ್ಕೆ ಉತ್ತರ ಕೊಡುವುದು. ಕಾಂಗ್ರೆಸ್ ಗಿಡ ಅಥವಾ ಪಾರ್ಥೇನಿಯಮ್ಮನ್ನು ಹತೋಟಿಗೆ ತರಲು ಮೆಕ್ಸಿಕೊದ ಒಂದು ಜೀರುಂಡೆಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಎಲೆಗಳನ್ನು ತಿಂದು ಗಿಡವನ್ನು ಬೋಳುಮಾಡಿತು. ಆದರೆ 1990ರ ದಶಕದ ಆರಂಭದಲ್ಲಿ ಸೂರ್ಯಕಾಂತಿಯ ಮೇಲೂ ಅದು ಕಾಣಿಸಿಕೊಂಡಿತು. ಸೂರ್ಯಕಾಂತಿಯೂ ಅದೇ ಕುಟುಂಬದ್ದಲ್ಲವೆ? ರೈತರ ಬೆಳೆಗೆ ಕುತ್ತು ಬಂದಿತೇ ಎಂಬ ಭಯ ಹುಟ್ಟಿತು. ಆ ಭಯವನ್ನು ನೀಗಿದುದು ವಾದವಲ್ಲ. ಹೊಲದಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ನಡೆದ ತಾಳ್ಮೆಯ ಪರೀಕ್ಷೆ. ಸೂರ್ಯಕಾಂತಿಗೆ ಹೇಳಿಕೊಳ್ಳುವಂತಹ ಹಾನಿಯಿಲ್ಲವೆಂದು ನಿರ್ಣಯವಾಯಿತು.

ಗುರುತಿಸುವುದು, ಎಣಿಸುವುದು, ಕಂಡುದನ್ನು ಕಂಡಂತೆ ಬರೆದಿಡುವುದು: ಅರಣ್ಯ ಇಲಾಖೆ, ಕೃಷಿ ಸಂಶೋಧನೆ, ಬಂದರುಗಳ ಸಸ್ಯತಪಾಸಣೆ ಎಲ್ಲವೂ ಬಯಸುವ ಕುಶಲತೆಗಳಿವು. ಇವುಗಳ ಅಭ್ಯಾಸಕ್ಕೆ ದುಬಾರಿ ಉಪಕರಣ ಬೇಡ. ನಾಲ್ಕು ಗೂಟ, ಒಂದಿಷ್ಟು ಹುರಿ, ಒಂದು ನೋಟ್‌ಬುಕ್ಕು ಸಾಕು. ಬೇಲಿಯ ಬಳಿ ಒಂದು ಚದರ ಮೀಟರು ನೆಲವನ್ನು ಗುರುತುಮಾಡಿ, ಅಲ್ಲಿಯ ಗಿಡಗಳನ್ನು ತಿಂಗಳಿಗೊಮ್ಮೆ ಎಣಿಸಿರಿ. ವರ್ಷದ ಕೊನೆಗೆ, ಯಾವ ಪುಸ್ತಕದಲ್ಲಿಯೂ ಇಲ್ಲದ ಒಂದು ಸತ್ಯ ನಿಮ್ಮ ಕೈಯಲ್ಲಿರುವುದು.